ಅಪ್ಪನ ಪಿಕಪ್ಪಿಗೆ ಎಫ್‌ಸಿ ಮಾಡಿಸಿದ್ದು

ಈ ಗಾಡಿಗೆ ಇನ್ನೊಂದು ಸಲ ಎಫ್‌ಸಿ ಆಗುವುದು ಸಾಧ್ಯವೇ ಇಲ್ಲ ಎಂದು ಹೇಳಿದವರು ನಮ್ಮ ದೊಡ್ಡಪ್ಪ. ಜರಗನಹಳ್ಳಿಯಲ್ಲಿರುವ ತಮ್ಮ ಟೈಲ್ಸ್ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ರಸ್ತೆಯ ಆಚೆ ಬದಿ ನಿಂತಿದ್ದ ಅಪ್ಪನ ಪಿಕಪ್ಪನ್ನು ಗಲ್ಲದಲ್ಲೇ ತೋರಿಸುತ್ತ ಹೇಳಿದರು. ಅಂಗಡಿಯಲ್ಲಿದ್ದ ಗಿರಾಕಿಗಳಿಗೂ ಕೇಳಿಸಿತು. ಅಪ್ಪನಿಗೂ ಕೇಳಿಸಿತು. ಅಪ್ಪ ಗಾಡಿಯ ಹಿಂದಿನ ಹಲಗೆಗೆ ಚಿಲಕ ಹಾಕುತ್ತಿದ್ದವರು ಹಾಕುತ್ತಲೇ ಇದ್ದರು.

ದೊಡ್ಡಪ್ಪ ಆಗುವುದಿಲ್ಲ ಎಂದದ್ದು ಅದೇ ಮೊದಲಲ್ಲ. ನಾನು ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದಾಗಲೂ ಅದೇ ಕುರ್ಚಿಯಲ್ಲಿ ಕೂತು, "ನಮ್ಮನೇಲಿ ಯಾರು ಓದಿದಾರೆ ಅಂತ ನೀನ್ ಓದ್ತೀಯಮ್ಮ? ಒಂದ್ ವರ್ಷ ಹೋಗ್ತೀಯ. ಆಮೇಲೆ ಬಿಲ್ ಬರೆಯೋಕೆ ಇಲ್ಲಿಗೇ ಬರ್ತೀಯ" ಎಂದಿದ್ದರು. ನಾನು ಬಿ.ಎಸ್ಸಿ. ಮುಗಿಸಿದೆ. ಗಣಿತದ ಒಂದು ಪೇಪರು ಹಿಂದೆ ಉಳಿಯಿತು, ಮತ್ತೆ ಕಟ್ಟಿ ಪಾಸು ಮಾಡಿದೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ. ಕಷ್ಟಪಟ್ಟು ತಗೊಂಡದ್ದನ್ನು ಮುಚ್ಚಿಟ್ಟುಕೊಳ್ಳುವುದು ಯಾಕೆ?

ಎಫ್‌ಸಿ ಅಂದರೆ ಬಾಡಿಗೆಗೆ ಓಡುವ ಗಾಡಿ ರಸ್ತೆಗೆ ಯೋಗ್ಯವಾಗಿದೆ ಎಂದು ಸಾರಿಗೆ ಇಲಾಖೆಯವರು ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟು. ಅದಿಲ್ಲದೆ ಗಾಡಿ ಮನೆಯ ಮುಂದಿನಿಂದ ಕದಲುವಂತಿಲ್ಲ. ಹೊಸ ಗಾಡಿಯಾದರೆ ರಿಪೇರಿ ಮಾಡಿಸಿಕೊಂಡು ಮತ್ತೆ ಹೋಗಬಹುದು. ಅಪ್ಪನ ಪಿಕಪ್ಪಿನಷ್ಟು ಹಳೆಯದಾದರೆ ಜನ ರಿಪೇರಿಯ ಮಾತೇ ಆಡುವುದಿಲ್ಲ. ಗುಜರಿ ಎನ್ನುತ್ತಾರೆ.

ಅಮ್ಮ ತೀರಿಕೊಂಡು ಆಗ ಕೆಲವೇ ತಿಂಗಳಾಗಿತ್ತು. ಅಪ್ಪ ಮನೆಯಲ್ಲಿ ಮಾತನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿದ್ದರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳುತ್ತಿದ್ದರು, ಕೀ ತಗೊಂಡು ಹೋಗುತ್ತಿದ್ದರು. ಟೈಲ್ಸ್, ಕಮೋಡು, ಸಿಂಕು, ಯಾರದೋ ಬೀರು, ಯಾರದೋ ಮಂಚ. ಸಂಜೆ ಬಂದು ಕೊಟ್ಟದ್ದನ್ನು ಉಂಡು ಮಲಗುತ್ತಿದ್ದರು. ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದುದು ಆ ಗಾಡಿ ಒಂದೇ. ಅದು ಹೋದರೆ ಈ ಮನುಷ್ಯ ಏಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ಒಬ್ಬಳೇ ಮಗಳು. ಮನೆಯಲ್ಲಿ ಉಳಿದವರು ನಾವಿಬ್ಬರೇ.

ನಾನೂ ಏನು ಚೆನ್ನಾಗಿರಲಿಲ್ಲ. ಜಯನಗರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಮುಂದಿನ ಡೆಸ್ಕಿನ ಕೆಲಸ ನನ್ನದು. ಬಂದವರ ಹೆಸರು ಬರೆದುಕೊಂಡು ಟೋಕನ್ ಕೊಡುತ್ತಿದ್ದೆ, ವಯಸ್ಸಾದವರ ಕೈ ಹಿಡಿದು ಕುರ್ಚಿಗೆ ಕೂರಿಸುತ್ತಿದ್ದೆ, ನಗಬೇಕಾದಲ್ಲಿ ನಗುತ್ತಿದ್ದೆ. ಒಳಗೆ ಏನೂ ಇರಲಿಲ್ಲ. ಅಳು ಬರುತ್ತದೆ ಎಂದು ಕಾಯುತ್ತಿದ್ದೆ, ಅದು ಬರಲಿಲ್ಲ. ಅನ್ನಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದು ಉಂಡ ಮೇಲೂ ಗೊತ್ತಾಗುತ್ತಿರಲಿಲ್ಲ. ಅಪ್ಪನೂ ಹೇಳುತ್ತಿರಲಿಲ್ಲ.

ಗಾಡಿಯ ತೊಂದರೆ ಶುರುವಾದದ್ದು ಅಂಥ ದಿನಗಳಲ್ಲೇ. ಟೈಲ್ಸ್ ತುಂಬಿಕೊಂಡು ಬನಶಂಕರಿ ಕಡೆ ಏರು ಹತ್ತುವಾಗ ಎಂಜಿನ್ನು ಒಂದೇ ಸಮನೆ ಕಿರುಚುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ ಎಂದು ಅಪ್ಪ ಒಂದು ಸಂಜೆ ಹೇಳಿದರು. ವಾರದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. "ಪುಲ್ ಇಲ್ಲ" ಎಂದರು. ಎಳೆತ ಇಲ್ಲ ಎಂದು ಅರ್ಥ.

ಹಿಂದೆ ಮುಂದೆ ಯೋಚಿಸದೆ ಎಂಜಿನ್ ಟ್ಯೂನ್ ಮಾಡುವವನ ಹತ್ತಿರ ಹೋದರು. ಆ ದಿನ ನನಗೆ ರಜ ಇತ್ತು, ಜೊತೆಗೆ ಹೋಗಿದ್ದೆ. ಬನಶಂಕರಿಯ ಒಂದು ಅಡ್ಡರಸ್ತೆಯಲ್ಲಿ ಅವನ ಶೆಡ್ಡು. ಒಳಗೆ ಹುಡುಗರ ಕಾರೊಂದು ಬಾನೆಟ್ ತೆಗೆದುಕೊಂಡು ನಿಂತಿತ್ತು, ಅದರ ಡ್ಯಾಶ್‌ಬೋರ್ಡಿನಿಂದ ಲ್ಯಾಪ್‌ಟಾಪಿಗೆ ಒಂದು ವೈರು. ಟ್ಯೂನರ್ ಮೂವತ್ತರ ಆಸುಪಾಸಿನವನು, ಕಾಲಲ್ಲಿ ಒಳ್ಳೆಯ ಸ್ಪೋರ್ಟ್ಸ್ ಶೂ, ಬಾಯಿ ತುಂಬ ಮಾತು.

"ಏನ್ ಅಣ್ಣ, ಎಳೀತಿಲ್ವಾ?"

"ಲೋಡ್ ಹಾಕಿದ್ರೆ ಇಲ್ಲ."

"ಡೀಸೆಲ್ ಸಾಲ್ತಿಲ್ಲ. ಹೊಟ್ಟೆಗೆ ಹಾಕ್ದೆ ದುಡಿ ಅಂದ್ರೆ ಅದಾದ್ರೂ ಏನ್ ಮಾಡುತ್ತೆ ಪಾಪ."

ನಾನು ಲ್ಯಾಪ್‌ಟಾಪ್ ನೋಡುತ್ತಿದ್ದುದನ್ನು ನೋಡಿ, "ಅದು ನಿಮ್ಮ ಗಾಡಿಗಲ್ಲ ಮೇಡಂ. ಹೊಸ ಗಾಡಿಗೆ ಕಂಪ್ಯೂಟರ್ ಇರುತ್ತೆ, ಅದಕ್ಕೆ ಹೊಸ ಲೆಕ್ಕ ಹೇಳಿಕೊಟ್ರೆ ಸಾಕು, ಸಖತ್ ಪವರ್ ಬರುತ್ತೆ. ನಿಮ್ದು ಸ್ಕ್ರೂಡ್ರೈವರ್ ಕಾಲದ್ದು" ಎಂದ. ಸೀಟು ಎತ್ತಿದ. ಈ ಮಾದರಿಯ ಪಿಕಪ್ಪಿನಲ್ಲಿ ಎಂಜಿನ್ನು ಸೀಟಿನ ಕೆಳಗೇ ಇರುತ್ತದೆ. ಡೀಸೆಲ್ ಪಂಪಿನ ಮೇಲಿದ್ದ ಒಂದು ಸ್ಕ್ರೂವನ್ನು ಸ್ವಲ್ಪ ತಿರುಗಿಸಿದ, ಕಿವಿಗೊಟ್ಟ, ಇನ್ನೂ ಸ್ವಲ್ಪ ತಿರುಗಿಸಿದ. ಎಂಜಿನ್ನಿನ ಸದ್ದು ದಪ್ಪಗಾಯಿತು.

"ಬನ್ನಿ, ಒಂದ್ ರೌಂಡ್" ಎಂದು ಅವನೇ ಸ್ಟಿಯರಿಂಗ್ ಮುಂದೆ ಹತ್ತಿ ಕೂತ. ಅಪ್ಪ ಅವನ ಶೂ ಕಡೆ ನೋಡಿದರು. ಪಕ್ಕದಲ್ಲಿ ಕೂತರು. ನಾನು ಶೆಡ್ಡಿನಲ್ಲೇ ಉಳಿದೆ. ತಿರುಗಿ ಬಂದಾಗ ಟ್ಯೂನರನ ಮುಖ ಬೆಳಗಿತ್ತು. "ಹೆಂಗೆ ನೆಗೀತು ನೋಡಿದ್ರಾ? ಇನ್ನು ಆನೆ ಹಾಕಿದ್ರೂ ಎಳೆಯುತ್ತೆ."

ಮನೆಗೆ ಬರುವ ದಾರಿಯಲ್ಲಿ ಲೋಡಿಲ್ಲದಿದ್ದರೂ ಒಂದು ಏರಿನಲ್ಲಿ ಅದು ಮತ್ತೆ ಕಿರುಚಿತು. ನಾನು ಹಿಂದೆ, ಬಯಲು ಹಲಗೆಯ ಮೇಲೆ ಕೂತಿದ್ದೆ, ನನಗೂ ಕೇಳಿಸಿತು. ಮನೆ ಮುಂದೆ ಇಳಿದಾಗ ಅಪ್ಪ ಗಾಡಿಯ ಬಾಗಿಲ ಮೇಲೆ ಕೈ ಇಟ್ಟುಕೊಂಡು ನಿಂತರು.

"ಅವನ ಕೈಗೆ ಎಳೆಯುತ್ತೆ" ಎಂದರು. "ನನ್ನ ಕೈಗೆ ಬಂದ್ರೆ ಎಳೆಯಲ್ಲ."

ಆ ಮಾತಿನಲ್ಲಿ ಕಾರಣ ಪೂರ್ತಿ ಇತ್ತು. ನಾವು ಯಾರೂ ಅದನ್ನು ಹಾಗೆ ಕೇಳಿಸಿಕೊಳ್ಳಲಿಲ್ಲ. ನನಗೆ ಅದು ಬೇಸರದ ಮಾತಾಗಿ ಕೇಳಿಸಿತು.

ಆಮೇಲೆ ಹೊಗೆ ಶುರುವಾಯಿತು. ಹೆಚ್ಚಿಗೆ ಸುರಿದ ಡೀಸೆಲ್ಲು ಉರಿಯದೆ ಕಪ್ಪಗೆ ಹಿಂದಿನಿಂದ ಹೊರಡುತ್ತಿತ್ತು. ಕನಕಪುರ ರಸ್ತೆಯ ಸಿಗ್ನಲ್ಲಿನಲ್ಲಿ ಬೈಕಿನವರು ಮೂಗಿಗೆ ಕರ್ಚೀಫು ಹಿಡಿದುಕೊಂಡು ಮುಂದೆ ಬಂದು, "ಅಂಕಲ್, ಏರಿಯಾಗೆ ಸೊಳ್ಳೆ ಹೊಗೆ ಹೊಡೀತಿದೀರಾ?" ಎನ್ನುತ್ತಿದ್ದರಂತೆ. ಇದನ್ನು ಹೇಳಿದವರು ದೊಡ್ಡಪ್ಪ, ನಗುತ್ತ. ಗಾಡಿ ಮಾತ್ರ ಏರಿನಲ್ಲಿ ಹಾಗೆಯೇ ಜಾರುತ್ತಿತ್ತು. ಅಪ್ಪ ಮತ್ತೆ ಶೆಡ್ಡಿಗೆ ಹೋದರು. ಈ ಸಲ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಹೊರಗೆ ತೆಗೆದರು.

ಕ್ಲಚ್ ಅಂದರೆ ಏನೆಂದು ತಿಳಿಯದವರಿಗೆ ಎರಡು ಮಾತು. ಎಂಜಿನ್ನಿನ ಕಡೆಯದೊಂದು ತಟ್ಟೆ, ಗೇರಿನ ಕಡೆಯದೊಂದು ತಟ್ಟೆ. ಎರಡೂ ಒಂದಕ್ಕೊಂದು ಗಟ್ಟಿಯಾಗಿ ಒತ್ತಿಕೊಂಡಿದ್ದರೆ ಎಂಜಿನ್ನು ತಿರುಗಿದ ಹಾಗೆ ಚಕ್ರ ತಿರುಗುತ್ತದೆ. ಕಾಲಿನಿಂದ ಪೆಡಲು ತುಳಿದರೆ ಅವು ಬೇರೆಯಾಗುತ್ತವೆ. ಒತ್ತು ಸಡಿಲವಾದರೆ ಒಂದರ ಮೇಲೊಂದು ಜಾರುತ್ತವೆ, ಜಾರಿ ಜಾರಿ ಸುಡುತ್ತವೆ. ಎಂಜಿನ್ನು ಕಿರುಚುವುದು, ಗಾಡಿ ನಿಂತಲ್ಲೇ ನಿಲ್ಲುವುದು ಇದಕ್ಕೇ.

ಹೊರಗೆ ತೆಗೆದ ಪ್ಲೇಟು ಕಪ್ಪಾಗಿತ್ತು. ಉಗುರು ಸುಟ್ಟ ವಾಸನೆ. ಟ್ಯೂನರ್ ಅದನ್ನು ಬೆಳಕಿಗೆ ಹಿಡಿದು ನೋಡಿ, "ಹೊಸದಾಗಿ ಗಾಡಿ ಕಲ್ತವರು ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾರಲ್ಲ, ಅಂಥೋರ ಪ್ಲೇಟ್ ಹಿಂಗಾಗುತ್ತೆ. ನೀವು ಹಂಗೆಲ್ಲ ಮಾಡೋರಲ್ಲ ಬಿಡಿ ಅಣ್ಣ, ನಾನ್ ಹುಟ್ಟೋಕ್ ಮುಂಚೆಯಿಂದ ಸ್ಟಿಯರಿಂಗ್ ಹಿಡ್ದಿದೀರ" ಎಂದ. ಅಪ್ಪ ಹೂಂ ಎಂದರು. ಹೊಸ ಪ್ಲೇಟು ಹಾಕಿದರು. ಕೆಲವು ದಿನ ಸರಿಯಿತ್ತು. ಆಮೇಲೆ ಅದೂ ಜಾರತೊಡಗಿತು. ಹಾಗಾದರೆ ಗೇರ್‌ಬಾಕ್ಸೇ ಹೋಗಿದೆ ಎಂದು ಟ್ಯೂನರ್ ತೀರ್ಮಾನಿಸಿದ. ಹಳೆಯ ಡ್ರೈವರನ್ನು ಅನುಮಾನಿಸುವುದು ಯಾರಿಗೂ ಹೊಳೆಯುವ ವಿಷಯವಲ್ಲ.

ಎಫ್‌ಸಿ ದಿನ ಬಂತು. ಮೈದಾನದಲ್ಲಿ ಗಾಡಿಗಳ ಸಾಲು. ಇನ್ಸ್‌ಪೆಕ್ಟರು ಹೊಗೆ ನೋಡಿ ತಲೆಯಾಡಿಸಿದರು. ಅಂಚಿನಲ್ಲಿದ್ದ ದಿಬ್ಬವನ್ನು ತೋರಿಸಿ ಹತ್ತಿಸಿ ಎಂದರು. ಎಂಜಿನ್ನು ಕೂಗಿತು, ಮೈದಾನದ ಜನವೆಲ್ಲ ತಿರುಗಿ ನೋಡಿದರು, ಗಾಡಿ ಅರ್ಧಕ್ಕೆ ಹೋಗಿ ನಿಂತು ಹಿಂದಕ್ಕೆ ಬಂತು.

"ಯಜಮಾನ್ರೇ, ಪಂಪ್ ತಿರುಗ್ಸಿದೀರ, ಕ್ಲಚ್ ಹಿಡೀತಿಲ್ಲ. ಇದನ್ನ ಯಾಕಿನ್ನೂ ಹಿಂಸೆ ಮಾಡ್ತೀರ?" ಎಂದರು ಇನ್ಸ್‌ಪೆಕ್ಟರು. ಬೈಗುಳವಲ್ಲ, ಮರ್ಯಾದೆಯಾಗೇ ಕೇಳಿದರು. "ಹಳೇ ಎಫ್‌ಸಿ ಮುಗಿಯೋದ್ರೊಳಗೆ ಸರಿ ಮಾಡಿಸ್ಕೊಂಡು ಬನ್ನಿ. ಇಲ್ದಿದ್ರೆ ಬಿಟ್ಬಿಡಿ."

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೂ ಅಪ್ಪ ಎದ್ದಿರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದರು. ನಿದ್ದೆ ಮಾಡುತ್ತಿರಲಿಲ್ಲ. ಕಾಫಿ ಲೋಟ ಪಕ್ಕದಲ್ಲಿಟ್ಟು ಹೋದೆ. ಸಂಜೆ ಬಂದಾಗ ಅದು ಹಾಗೆಯೇ ಕೆನೆ ಕಟ್ಟಿಕೊಂಡು ಅಲ್ಲೇ ಇತ್ತು. ತೊಳೆದಿಟ್ಟೆ. ಅದರ ಮರುದಿನವೂ ಹೀಗೆಯೇ.

ಆ ವಾರದ ಕೊನೆಗೆ ಅಂಗಡಿಯ ಹತ್ತಿರ ಗಾಡಿ ತರಿಸಿ ದೊಡ್ಡಪ್ಪ ಆ ಮಾತು ಹೇಳಿದ್ದು. ಅವರು ಕೆಟ್ಟವರಲ್ಲ, ಇದನ್ನೂ ಹೇಳಬೇಕು. ಅಮ್ಮನ ಶಿವಗಣಾರಾಧನೆಯ ಊಟದ ಏರ್ಪಾಟನ್ನೆಲ್ಲ ಮೈಮೇಲೆ ಹಾಕಿಕೊಂಡು ಮಾಡಿದ್ದವರು ಅವರೇ. ಆದರೆ ಆಗುವುದಿಲ್ಲ ಎಂಬ ಮಾತು ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ.

"ಗುಜರಿಯವನಿಗೆ ಹೇಳಿದೀನಿ, ಬಂದು ನೋಡ್ಕೊಂಡ್ ಹೋಗ್ತಾನೆ. ನೀನು ಗೋಡೌನ್‌ಲಿ ಬಂದು ಕೂತ್ಕೊಳೋ. ಫ್ಯಾನ್ ಇದೆ, ಟಿವಿ ಇದೆ. ಇನ್ನೂ ಎಷ್ಟ್ ದಿನ ಓಡಿಸ್ತೀಯ?" ಎಂದರು ಅಪ್ಪನಿಗೆ. ಆಮೇಲೆ ನನ್ನ ಕಡೆ ತಿರುಗಿದರು. "ಡಿಗ್ರಿ ಓದಿದ್ಯಲ್ಲಮ್ಮ. ಗೇರ್‌ಬಾಕ್ಸ್ ಏನಾಗಿದೆ ಅಂತ ಕಾಲೇಜಲ್ಲಿ ಹೇಳ್ಕೊಡ್ಲಿಲ್ವಾ?"

"ಗೇರ್‌ಬಾಕ್ಸ್ ಹೇಳ್ಕೊಡ್ಲಿಲ್ಲ ದೊಡ್ಡಪ್ಪ. ಘರ್ಷಣೆ ಹೇಳ್ಕೊಟ್ಟಿದಾರೆ."

"ಅದನ್ನ ನಾನು ನಿಮ್ ದೊಡ್ಡಮ್ಮನ ಹತ್ರಾನೇ ಕಲ್ತೆ, ಫೀಸಿಲ್ದೆ" ಎಂದರು. ಗಿರಾಕಿಗಳು ನಕ್ಕರು.

ಹಳೆಯ ಎಫ್‌ಸಿಯ ಅವಧಿ ಇನ್ನೂ ಸ್ವಲ್ಪ ಉಳಿದಿತ್ತು. ಪುಟ್ಟೇನಹಳ್ಳಿಗೆ ಮನೆ ಬದಲಾಯಿಸುತ್ತಿದ್ದ ಒಬ್ಬ ಆಂಟಿಗೆ ಅವರ ಬೀರು, ವಾಷಿಂಗ್ ಮಷೀನು ಸಾಗಿಸಿಕೊಡುವುದಾಗಿ ಅಪ್ಪ ಮೊದಲೇ ಒಪ್ಪಿಕೊಂಡಿದ್ದರು. ಕೊಟ್ಟ ಮಾತಿಗಾಗಿ ಆ ಭಾನುವಾರ ಎದ್ದರು. ಸಾಮಾನು ಹಿಡಿಯಲು ಬರಬೇಕಾದವನು ಬರಲಿಲ್ಲ, ನಾನು ಬರುತ್ತೇನೆ ಎಂದೆ.

ಅಮ್ಮ ಹೋದ ಮೇಲೆ ನಾನು ಗಾಡಿಯ ಮುಂಭಾಗದಲ್ಲಿ ಕೂತಿರಲಿಲ್ಲ. ಹಿಂದೆ ಕೂರುವುದು ಸುಲಭವಾಗಿತ್ತು. ಯಾಕೆಂದರೆ ಮುಂದಿನ ಎಡಗಡೆಯ ಸೀಟು ಅಮ್ಮನದು. ಭಾನುವಾರ ಲೋಡು ಇಳಿಸಿ ಬರುವಾಗ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಜೆಪಿ ನಗರದ ಕಡೆ ಒಂದು ಸುತ್ತು ಹಾಕಿಸುತ್ತಿದ್ದರು, ಎಳನೀರು ಕುಡಿಸುತ್ತಿದ್ದರು. ಬಾಗಿಲು ತೆಗೆದೆ. ಎದುರಿಗೆ ಡ್ಯಾಶ್‌ಬೋರ್ಡಿನ ಮೇಲೆ, ಶಿವನ ಚಿಕ್ಕ ಮೂರ್ತಿಯ ಪಕ್ಕಕ್ಕೆ, ಅಮ್ಮನ ಫೋಟೊ. ಕಟ್ಟು ಹಾಕಿಸಿ, ಅಲ್ಲಾಡದ ಹಾಗೆ ಎರಡು ಕಡೆ ಕ್ಲಿಪ್ಪು ಬಿಗಿದು ಇಟ್ಟಿದ್ದರು. ಹಣೆಗೆ ವಿಭೂತಿ, ಕುಂಕುಮ, ಅವತ್ತಿನದೇ ಸೇವಂತಿಗೆ. ಅಲ್ಲಿ ಫೋಟೊ ಇದೆ ಎಂಬುದು ನನಗೆ ಗೊತ್ತಿತ್ತು, ಕಿಟಕಿಯಿಂದ ನೋಡಿದ್ದೆ. ಎದುರಿಗೆ ಕೂತಿರಲಿಲ್ಲ ಅಷ್ಟೇ.

ಅಪ್ಪ ಹತ್ತುವ ಮುಂಚೆ ಚಪ್ಪಲಿ ಬಿಟ್ಟರು. ಎರಡನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಹಿಂದಿನ ಹಲಗೆಯ ಕೊಕ್ಕೆಗೆ ನೇತುಹಾಕಿದರು. ನಾನೂ ಬಿಟ್ಟೆ. ಕೆಳಗೆ ಹಾಸಿದ್ದ ಹಳೆಯ ರಬ್ಬರ್ ಮ್ಯಾಟು ಇರಲಿಲ್ಲ, ಬರಿ ತಗಡು. ಮ್ಯಾಟು ಎಲ್ಲಿ ಎಂದು ಕೇಳಿದೆ. "ಅದರ ಮೇಲೆ ಇಷ್ಟು ವರ್ಷ ಚಪ್ಪಲಿ ಕಾಲಲ್ಲಿ ತುಳಿದಿರೋದು. ಫೋಟೊ ಇಟ್ಟ ದಿನ ಗಾಡಿ ತೊಳೆದು ಅದನ್ನ ತೆಗ್ದಾಕ್ದೆ" ಎಂದರು.

ಹೊರಟೆವು. ಆಂಟಿಯ ಹಳೆಯ ಮನೆಯಲ್ಲಿ ಸಾಮಾನು ಹೇರಿಕೊಂಡು ಜೆಪಿ ನಗರ ಮುಟ್ಟುವ ಹೊತ್ತಿಗೆ ಕಾಲ ಕೆಳಗಿನ ತಗಡು ಕಾದಿತ್ತು. ಸುಮ್ಮನೆ ಬೆಚ್ಚಗೆ ಅಲ್ಲ, ದೋಸೆ ಹಂಚಿಗೆ ಕಾಲಿಟ್ಟ ಹಾಗೆ. ಎಂಜಿನ್ನು ನಮ್ಮ ಕೆಳಗೇ ಇತ್ತು, ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಡೀಸೆಲ್ಲು ಹೋಗುತ್ತಿತ್ತು. ನಾನು ಎರಡೂ ಕಾಲು ಸೀಟಿನ ಮೇಲೆ ತಗೊಂಡು ಚಕ್ಕಳಮಕ್ಕಳ ಹಾಕಿ ಕೂತೆ. ಆಮೇಲೆ, ಇವರು ಹೇಗೆ ಇಡುತ್ತಾರಪ್ಪ ಎಂದು ಅಪ್ಪನ ಕಾಲು ನೋಡಿದೆ.

ಬಲಗಾಲು ಆಕ್ಸಿಲರೇಟರಿನ ಮೇಲಿತ್ತು. ಎಡಗಾಲು ಕ್ಲಚ್ ಪೆಡಲಿನ ಮೇಲಿತ್ತು. ಗೇರು ಬದಲಾಯಿಸುತ್ತಿರಲಿಲ್ಲ. ಸುಮ್ಮನೆ ಇತ್ತು, ಪೆಡಲಿನ ರಬ್ಬರಿನ ಮೇಲೆ, ತೂಕ ಬಿಟ್ಟುಕೊಂಡು. ಪೆಡಲು ಒಂದಿಷ್ಟು ಕೆಳಗೆ ಹೋಗಿತ್ತು. ನಾನು ನೋಡುತ್ತಲೇ ಇದ್ದೆ. ಪುಟ್ಟೇನಹಳ್ಳಿ ಕೆರೆಯ ಹತ್ತಿರದ ಸಣ್ಣ ಏರಿನಲ್ಲಿ ಎಂಜಿನ್ನು ಕಿರುಚಿತು. ಕಾಲು ಅಲ್ಲೇ ಇತ್ತು.

"ಅಪ್ಪ, ನಿಮ್ಮ ಎಡಗಾಲು ಎಲ್ಲಿದೆ?"

"ಎಲ್ಲಿರುತ್ತೆ?"

"ಕ್ಲಚ್ ಮೇಲಿದೆ."

ಅವರು ಬಗ್ಗಿ ನೋಡಿಕೊಂಡರು. ಬೇರೆ ಯಾರದೋ ಕಾಲು ನೋಡಿದ ಹಾಗೆ ನೋಡಿದರು. ತೆಗೆದು ತಗಡಿನ ಮೇಲಿಟ್ಟರು. ಗಾಡಿ ಒಂದು ಸಲ ಜಗ್ಗಿ ಏರು ಹತ್ತಿಕೊಂಡಿತು. ಮುಂದಿನ ತಿರುವು ಬರುವ ಮುಂಚೆಯೇ ಕಾಲು ತಾನಾಗಿ ಎದ್ದು ಮತ್ತೆ ಪೆಡಲಿನ ಮೇಲೆ ಕೂತಿತು. ಅವರಿಗೆ ಗೊತ್ತೇ ಆಗಲಿಲ್ಲ.

ಬೀರು ಇಳಿಸಿದೆವು. ಆಂಟಿ ಕಾಫಿ ಕೊಟ್ಟರು. ಗಾಡಿಯ ನೆರಳಿನಲ್ಲಿ ನಿಂತು ಅಪ್ಪ ಎಡಗಾಲನ್ನು ಎತ್ತಿ ಅಂಗಾಲು ತೋರಿಸಿದರು. ಹಿಮ್ಮಡಿಯ ಪಕ್ಕದಲ್ಲಿ ಚರ್ಮ ಕೆಂಪಾಗಿ ದಪ್ಪಗಾಗಿತ್ತು. ಬಲಗಾಲು ಚೆನ್ನಾಗಿತ್ತು, ಅದಕ್ಕೆ ಆಕ್ಸಿಲರೇಟರು ಇತ್ತಲ್ಲ.

"ಚಪ್ಪಲಿ ಹಾಕ್ಕೊಂಡು ಓಡಿಸಿ ಅಪ್ಪ. ಅಷ್ಟೇ ಸಾಕು."

ಅವರು ಲೋಟದ ತಳ ನೋಡುತ್ತಿದ್ದರು. "ಅವಳ ಮುಂದೆ ಚಪ್ಪಲಿ ಕಾಲು ಚಾಚ್ಕೊಂಡು ಕೂರೋಕಾಗುತ್ತೇನಮ್ಮ."

"ಇದ್ದಾಗ ಹಾಕ್ಕೊಂಡೇ ಓಡಿಸ್ತಿದ್ರಲ್ಲ."

"ಆಗ ಪಕ್ಕದಲ್ಲಿ ಕೂರ್ತಿದ್ಲು. ಈಗ ಎದುರಿಗಿದಾಳೆ."

"ಫೋಟೊ ಮನೇಲಿಡೋಣ."

"ಮನೇಲಿ ಒಂದಿದೆ."

ಇಲ್ಲಿ ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಒಂದು ಲೆಕ್ಕ ಬಿಡಿಸಿದ ಮೇಲೆ ಪುಟ ತಿರುಗಿಸುವ ಹಾಗೆ ಮುಂದೇನು ಎಂದು ಯೋಚಿಸಿದೆ, ಅಷ್ಟೇ. ಎಲ್ಲವೂ ಒಂದರ ಬಾಲ ಒಂದು ಹಿಡಿದುಕೊಂಡು ಬಂದಿತ್ತು. ಫೋಟೊ ಇಟ್ಟರು, ಚಪ್ಪಲಿ ಬಿಟ್ಟರು, ಮ್ಯಾಟು ತೆಗೆದರು, ಕಾಲು ಸುಟ್ಟಿತು, ಪೆಡಲಿನ ಮೇಲೆ ಹೋಯಿತು, ಕ್ಲಚ್ ಜಾರಿತು. ಎಳೆತ ಇಲ್ಲ ಎಂದು ಡೀಸೆಲ್ಲು ಹೆಚ್ಚಿಸಿದರು, ತಗಡು ಇನ್ನಷ್ಟು ಕಾಯಿತು, ಕಾಲಿಗೆ ಕೆಳಗಿಳಿಯಲು ಜಾಗವೇ ಇಲ್ಲದ ಹಾಗಾಯಿತು. ಶೂ ಹಾಕಿದ ಟ್ಯೂನರನ ಕೈಗೆ ಗಾಡಿ ಎಳೆದದ್ದು ಇದಕ್ಕೆ.

"ಹಲಗೆ ಹಾಕಿದ್ರೆ ಆಗುತ್ತಾ?" ಎಂದೆ. "ಹೊಸ ಹಲಗೆ. ಯಾರೂ ತುಳಿದಿಲ್ಲದ್ದು."

ಅಪ್ಪ ಲೋಟ ಕೆಳಗಿಟ್ಟು, "ಹೊಸದಾದ್ರೆ ಆಗುತ್ತೆ" ಎಂದರು.

ನಮ್ಮ ಬೀದಿಯಲ್ಲೇ ಒಂದು ಮನೆ ಕಟ್ಟುತ್ತಿದ್ದರು. ಅಲ್ಲಿಯ ಬಡಗಿ ಒಂದು ಪ್ಲೈವುಡ್ ತುಂಡು ಕೊಯ್ದುಕೊಟ್ಟರು. ಅದಕ್ಕೆ ಗೋಣಿ ಸುತ್ತಿ, ಕೆಳಗೆ ಗಾಳಿಯಾಡಲು ನಾಲ್ಕು ಮೂಲೆಗೂ ಚಿಕ್ಕ ಮರದ ತುಂಡು ಕೊಟ್ಟು, ಕ್ಲಚ್ ಪೆಡಲಿನ ಎಡಕ್ಕೆ ಕಾಲಿಡುವ ಹಾಗೆ ಬೋಲ್ಟು ಹಾಕಿ ಕೂರಿಸಿದೆವು. ಅಪ್ಪ ಅದಕ್ಕೂ ವಿಭೂತಿ ಹಚ್ಚಿದರು. ಹಚ್ಚಿದ ಮೇಲೆ ಅದರ ಮೇಲೆ ಹೇಗೆ ಕಾಲಿಡುವುದು ಎಂದು ತಾವೇ ನಿಂತು ಯೋಚಿಸಿ, ಒರೆಸಿದರು. ಅಮ್ಮ ಹೋದ ಮೇಲೆ ಮೊದಲ ಸಲ ಅವರ ತುಟಿ ಒಂದಿಷ್ಟು ಸಡಿಲವಾದದ್ದನ್ನು ನಾನು ಅಲ್ಲಿ ಕಂಡೆ. ಅದನ್ನು ನಗು ಎನ್ನಲಾರೆ.

ಟ್ಯೂನರನ ಹತ್ತಿರ ನಾನೊಬ್ಬಳೇ ಮಾತಾಡಿದೆ. ಪಂಪನ್ನು ಮೊದಲಿದ್ದ ಹಾಗೇ ಮಾಡಿ, ಕ್ಲಚ್ ಪ್ಲೇಟು ಇನ್ನೊಂದು ಹಾಕಿ ಎಂದೆ.

"ಪವರ್ ಜಾಸ್ತಿ ಮಾಡಿ ಅಂತ ಬೆಂಗಳೂರೆಲ್ಲ ನನ್ನ ಹತ್ರ ಬರುತ್ತೆ ಮೇಡಂ. ಕಮ್ಮಿ ಮಾಡಿ ಅಂತ ಬಂದಿರೋದು ನೀವೊಬ್ರೇ."

"ಎಫ್‌ಸಿಗೆ ಬೇಕು."

"ಗೇರ್‌ಬಾಕ್ಸ್ ನೋಡಬೇಡ್ವಾ? ಆಮೇಲೆ ಜಾರಿದ್ರೆ ನನ್ನ ಕೇಳಬಾರ್ದು."

"ಕೇಳಲ್ಲ."

ಕಾಲಿನ ವಿಷಯ ನಾನು ಅವನಿಗೆ ಹೇಳಲಿಲ್ಲ. ದೊಡ್ಡಪ್ಪನಿಗೂ ಹೇಳಲಿಲ್ಲ. ಜೀವಮಾನವಿಡೀ ಸ್ಟಿಯರಿಂಗ್ ಹಿಡಿದವರು ಹೊಸಬರ ಹಾಗೆ ಕ್ಲಚ್ ಮೇಲೆ ಕಾಲಿಟ್ಟು ಓಡಿಸಿದರು ಎಂಬುದು ಆ ಬೀದಿಯಲ್ಲಿ ಒಂದು ಸಲ ಹೊರಬಿದ್ದರೆ ಅಪ್ಪ ಸಾಯುವವರೆಗೆ ತಮಾಷೆಯಾಗಿ ಉಳಿಯುತ್ತದೆ. ಈಗ ಬರೆಯುತ್ತಿದ್ದೇನೆ, ಅಪ್ಪನನ್ನು ಕೇಳಿಯೇ. "ಹೆಸರು ಹಾಕಬೇಡ, ಬರ್ಕೋ" ಎಂದಿದ್ದಾರೆ.

ಹಲಗೆ ಹಾಕಿದರೂ ಕಾಲು ಅಭ್ಯಾಸ ಬಿಡಲಿಲ್ಲ. ಅದಕ್ಕೆ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗುವ ಮುಂಚೆ ಅಪ್ಪನನ್ನು ಎಬ್ಬಿಸಿ ಗಾಡಿ ತೆಗೆಸುತ್ತಿದ್ದೆ. ರಸ್ತೆ ಖಾಲಿ ಇರುತ್ತಿತ್ತು, ಹಾಲಿನ ಗಾಡಿಗಳು, ವಾಕಿಂಗಿನವರು ಮಾತ್ರ. ನಾನು ಅಮ್ಮನ ಸೀಟಿನಲ್ಲಿ ಕೂತು ಎದುರಿಗೆ ನೋಡದೆ ಕೆಳಗೆ ನೋಡುತ್ತಿದ್ದೆ.

"ಕಾಲು, ಅಪ್ಪ."

"ಹ್ಞೂಂ."

ಒಂದು ಬೀದಿ ದಾಟಿದರೆ ಮತ್ತೆ. "ಅಪ್ಪ, ಕಾಲು."

"ತೆಗೆದೆ ಕಣಮ್ಮ."

ಇಷ್ಟೇ ಮಾತು. ಕೆಲವು ದಿನ ಕಳೆದ ಮೇಲೆ ನಾನು ಹೇಳುವುದು ಕಡಿಮೆಯಾಯಿತು. ಆಮೇಲೆ ಒಂದು ಬೆಳಿಗ್ಗೆ ಹೇಳಬೇಕಾಗಿಯೇ ಬರಲಿಲ್ಲ. ಬನಶಂಕರಿಯ ಅದೇ ಏರನ್ನು ಗಾಡಿ ನಿಧಾನವಾಗಿ, ಗೊಣಗದೆ ಹತ್ತಿತು. ಗುಜರಿಯವನು ಬಂದು ಬಾಗಿಲು ಬಡಿದಾಗ ಅಪ್ಪನೇ ಹೋಗಿ, "ಇನ್ನೂ ತೀರ್ಮಾನ ಮಾಡಿಲ್ಲ" ಎಂದು ಕಳಿಸಿದರು.

ಎರಡನೆಯ ಸಲ ಎಫ್‌ಸಿಗೆ ಹೋಗುವಾಗ ಅವಧಿ ಮುಗಿಯುವುದರಲ್ಲಿತ್ತು. ಈ ಸಲ ಆಗದಿದ್ದರೆ ಗಾಡಿಯನ್ನು ಅಲ್ಲಿಂದ ಸೀದಾ ಗುಜರಿಗೆ ಕೊಟ್ಟು ಬರುವುದು ಎಂದು ದೊಡ್ಡಪ್ಪ ಹೇಳಿಬಿಟ್ಟಿದ್ದರು, ಅಪ್ಪ ಒಪ್ಪಿಕೊಂಡೂ ಇದ್ದರು. ಕ್ಲಿನಿಕ್ಕಿಗೆ ರಜ ಹೇಳಿ ನಾನೂ ಹೋದೆ. ಅದೇ ಇನ್ಸ್‌ಪೆಕ್ಟರು. ಹೊಗೆ ಅಳೆಯುವ ಕೊಳವೆ ಹಿಂದೆ ಸಿಕ್ಕಿಸಿದರು, ಎಂಜಿನ್ನು ಏರಿಸಿ ಎಂದರು, ಮಷೀನು ನೋಡಿದರು. ಬ್ರೇಕು, ಲೈಟು, ಹಾರ್ನು, ರಿಫ್ಲೆಕ್ಟರ್ ಪಟ್ಟಿ. ಆಮೇಲೆ ದಿಬ್ಬದ ಕಡೆ ಕೈ ತೋರಿಸಿದರು.

ಪಕ್ಕದಲ್ಲಿ ಯಾರನ್ನೂ ಕೂರಿಸುವಂತಿರಲಿಲ್ಲ. ನಾನು ಬೇಲಿಯ ಹತ್ತಿರ ನಿಂತೆ. ಅಲ್ಲಿಂದ ಅಪ್ಪನ ತಲೆ, ಭುಜ ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ. ಗಾಡಿ ದಿಬ್ಬದ ಬುಡಕ್ಕೆ ಬಂತು, ಗೇರು ಬಿತ್ತು. ನನ್ನ ಎಡಗಾಲಿನ ಬೆರಳು ಚಪ್ಪಲಿಯೊಳಗೆ ಮಡಚಿಕೊಂಡದ್ದು ನನಗೆ ನೆನಪಿದೆ. ಗಾಡಿ ಹತ್ತಿತು. ಅರ್ಧದಲ್ಲಿ ನಿಲ್ಲಿಸಿ ಎಂದು ಇನ್ಸ್‌ಪೆಕ್ಟರು ಕೂಗಿದರು. ನಿಲ್ಲಿಸಿದರು. ಮತ್ತೆ ತೆಗೆಯಿರಿ ಎಂದರು. ಅಲ್ಲಿಂದ ಎತ್ತುವುದು ಕಷ್ಟದ ಕೆಲಸ. ಎಂಜಿನ್ನು ಒಂದು ಕ್ಷಣ ತಗ್ಗಿತು, ಆಮೇಲೆ ಹಿಡಿಯಿತು, ಕಿರುಚಲಿಲ್ಲ, ಮೇಲಕ್ಕೆ ಹೋಯಿತು.

"ಅವತ್ತು ಏನಾಗಿತ್ತು ಯಜಮಾನ್ರೇ ಇದಕ್ಕೆ?" ಎಂದು ಇನ್ಸ್‌ಪೆಕ್ಟರು ಕೇಳಿದರು.

"ಪಂಪ್ ಜಾಸ್ತಿ ಇತ್ತು ಸಾರ್" ಎಂದೆ ನಾನು, ಅಪ್ಪ ಬಾಯಿ ತೆರೆಯುವ ಮುಂಚೆ.

ಸಂತೋಷವಾಯಿತೇ ಎಂದು ಕೇಳಿದರೆ ಹೇಳಲಾರೆ. ಡಿಗ್ರಿಯ ರಿಸಲ್ಟು ಬಂದ ದಿನ ನಾನು ಮನೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ, ಅಮ್ಮ ಬಾಯಿಗೆ ಸಕ್ಕರೆ ಹಾಕಿದ್ದರು. ಇಲ್ಲಿ ಅಂಥದ್ದೇನೂ ಆಗಲಿಲ್ಲ. ಬಿಸಿಲಿತ್ತು. ಬಾಯಾರಿತ್ತು. ಕೌಂಟರಿನ ಮುಂದೆ ಸಾಲಿನಲ್ಲಿ ನಿಂತೆ. ಕಿಟಕಿಯ ಆಚೆಯವರು ಗಾಡಿಯ ನಂಬರು ಕೂಗಿದರು, ಕೈ ಒಡ್ಡಿದೆ, ಪ್ರಿಂಟು ಕೊಟ್ಟರು. ಕಾಗದ ಇನ್ನೂ ಬೆಚ್ಚಗಿತ್ತು. ಮೇಲಿನಿಂದ ಕೆಳಗಿನವರೆಗೆ ಓದಿದೆ. ಎಲ್ಲಿಯವರೆಗೆ ಎಂಬ ತಾರೀಕನ್ನು ಮತ್ತೊಂದು ಸಲ ಓದಿದೆ.

ಅಪ್ಪ ಗಾಡಿಯ ಪಕ್ಕದಲ್ಲಿ ಬರಿಗಾಲಲ್ಲಿ ನಿಂತಿದ್ದರು. ಕೊಟ್ಟೆ. ಅವರು ಕಾಗದವನ್ನು ಕಣ್ಣಿನಿಂದ ದೂರ ಹಿಡಿದು ನೋಡಿದರು, ಅಂಗಿಯ ತುದಿಯಲ್ಲಿ ಬೆರಳು ಒರೆಸಿಕೊಂಡು ನಾಲ್ಕಾಗಿ ಮಡಚಿದರು, ಜೇಬಿಗೆ ಹಾಕಿದರು.

"ನಾಳೆ ಲೋಡ್ ಇದೆಯಾ ಅಂತ ನಿಮ್ ದೊಡ್ಡಪ್ಪನ್ನ ಕೇಳಮ್ಮ" ಎಂದರು. "ಬೆಳಿಗ್ಗೆದೇ ಇದ್ರೆ ಒಳ್ಳೇದು."